ಬಾಜೂಕ

ಜತ್ತದ ಬಸ್‌ಸ್ಟ್ಯಾಂಡಿನ ಹಿಂದೆ, ಉಮದಿ ರಸ್ತೆ ತಿರುಗುವಲ್ಲಿ
ಅಪ್ಪನ ಪಂಚರ್ ಅಂಗಡಿ.
ಕವಾಸಾಕಿ ಅಂದರೆ ಅವನಿಗಾಗ ಗೊತ್ತಿದ್ದದ್ದು ಒಂದೇ:
ದ್ರಾಕ್ಷಿ ವ್ಯಾಪಾರಿಯ ಮಗನ ಕೆಂಪು ಗಾಡಿ,
ತಿಂಗಳಿಗೊಮ್ಮೆ ಅದರ ಹಿಂದಿನ ಗಾಲಿ ಕೂತುಬಿಡುತ್ತಿತ್ತು.
ಮಿರಜದ ಡಾಕ್ಟರು ಆ ಹೆಸರು ಹೇಳಿದಾಗ
"ಗಾಡಿ ಅಲ್ರೀ ಸಾಹೇಬ್ರ,
ನನ್ನ ಮಗಳ ಜ್ವರದ್ದು ಕೇಳಾಕತ್ತೀನಿ" ಅಂದನಂತೆ.

ನನಗೆ ನಾಲ್ಕು ವರ್ಷ. ಒಂಬತ್ತು ದಿನದ ಜ್ವರ.
ಮೊದಲ ಮೂರು ದಿನ ಆಯಿ ಜಕ್ಕವ್ವ
"ಗೊಬ್ಬರ ಎದ್ದಾವ" ಅಂತ ಬೇವಿನ ತಪ್ಪಲು ಹಾಸಿದಳು.
ಆಮೇಲೆ ಕಣ್ಣು ಕೆಂಪಾದವು, ಪಿಸುರಿಲ್ಲದ ಒಣ ಕೆಂಪು.
ತುಟಿ ಸೀಳಿತು.
ನಾಲಿಗೆಯನ್ನು ಡಾಕ್ಟರು ಸ್ಟ್ರಾಬೆರಿ ಅಂದರು.
ಅದನ್ನು ನಮ್ಮ ಓಣಿಯಲ್ಲಿ ಕಂಡವರಿಲ್ಲ,
ಆಯಿ ತಿದ್ದಿದಳು: "ಪಾಪಾಸಕಳ್ಳಿ ಹಣ್ಣು."
ಜ್ವರ ಇಳಿದ ಮೇಲೆ ಬೆರಳತುದಿಯ ತೊಗಲು
ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಎದ್ದು ಬಂತು.
ಅದನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಇಟ್ಟುಕೊಂಡಳು, ಯಾಕೋ.

ಗಾಳಿ ತುಂಬುವ ಮಶೀನು ಮಾರಿ ಅಪ್ಪ ತಂದದ್ದು
ಆರು ಬಾಟಲಿ.
ಸಾವಿರಾರು ಮಂದಿಯ ರಕ್ತದಿಂದ ಬಸಿದ ನೀರು
ರಾತ್ರಿಯಿಡೀ ಹನಿಹನಿಯಾಗಿ ನನ್ನೊಳಗೆ ಬಂತು.
ಯಾರ್ಯಾರೋ, ಯಾವ ಊರಿನವರೋ.
ಎಲ್ಲರ ಕುಲ ಕೇಳುವ ಆಯಿ ಅವರದ್ದು ಕೇಳಲಿಲ್ಲ.
ಮುಂದೆ ಎರಡು ವರ್ಷ ಅಪ್ಪ
ಜೀಪಿನ ಗಾಲಿಗೂ ಕೈಪಂಪಿನಲ್ಲೇ ಗಾಳಿ ಹೊಡೆದ.

ಆದರೂ ತಡವಾಗಿತ್ತು.
ಹೃದಯಕ್ಕೆ ರಕ್ತ ಉಣಿಸುವ ನಾಳ ಒಂದು ಕಡೆ ಉಬ್ಬಿತ್ತು,
ಆರು ಮಿಲಿಮೀಟರು.
ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆಯುತ್ತಿದ್ದಂತೆ
ಅಪ್ಪ ಪೆನ್ನು ಇಸಗೊಂಡು ತಾನೇ ಮುಗಿಸಿದ:
"ಟ್ಯೂಬ್ ಸವದಲ್ಲೆ ಹಿಂಗ ಉಬ್ಬತೈತ್ರಿ."
ಬಿಚ್ಚದೆ, ಗಾಡಿ ನಿಲ್ಲಿಸದೆ
ಹೇಗೆ ರಿಪೇರಿ ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ.

ಸಣ್ಣ ಬಿಳಿ ಗುಳಿಗೆ, ದಿನಕ್ಕೊಂದು, ಊಟದ ಮೇಲೆ.
ಇಪ್ಪತ್ತೊಂದು ವರ್ಷ.
ವರ್ಷಕ್ಕೊಮ್ಮೆ ನಸುಕಿನ ಎಸ್‌ಟಿ ಬಸ್ಸು, ಕವಠೆ ಮಹಾಂಕಾಳದಲ್ಲಿ ಚಹಾ,
ಎದೆಯ ಮೇಲೆ ತಣ್ಣನೆ ಜೆಲ್ಲು,
ಪರದೆಯಲ್ಲಿ ಹೊಗೆಯಂಥ ಹೃದಯ.
ಆರು ನಾಲ್ಕೂವರೆಯಾಯಿತು, ಮೂರಾಯಿತು.

ಇಪ್ಪತ್ತು ದಾಟಿದರೂ ನಾನು ಕೂರುತ್ತಿದ್ದದ್ದು
ಜಿರಾಫೆ ಬರೆದ ಗೋಡೆಗೆ ಆನಿಕೊಂಡ ಗಿಡ್ಡ ಬೆಂಚಿನಲ್ಲಿ,
ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು.
ಈ ವರ್ಷ ಮುದಿ ಡಾಕ್ಟರು ಫೈಲು ನನ್ನ ಕೈಗಿತ್ತರು.
"ಇನ್ನ ದೊಡ್ಡವರ ಕಡೆ ಹೋಗಬೇಕು ಸುಗಲಾ. ಮ್ಯಾಲಿನ ಮಜಲಾ."
ಅಲ್ಲಿ ಎಲ್ಲರೂ ಅರವತ್ತರವರು, ತಂಬಾಕಿನ ವಾಸನೆ.
ಪಕ್ಕದ ಮುದುಕ ಕೇಳಿದ, "ಯಾರನ್ನ ಕರಕೊಂಡು ಬಂದೀಯವಾ?"
"ನನ್ನನ್ನ."
ಹೊಸ ಡಾಕ್ಟರಿಗೆ ಇಡೀ ಕಥೆ ಮರಾಠಿಯಲ್ಲಿ ಹೇಳಿದೆ,
ಜ್ವರ ಮಾತ್ರ ಕನ್ನಡದಲ್ಲೇ ಬಂತು.

ಹಳೆಯ ಉಬ್ಬಿನ ಅಂಚಿಗೆ ಸುಣ್ಣ ಕಟ್ಟಿದೆಯಂತೆ.
ಸದ್ಯಕ್ಕೆ ರಕ್ತಕ್ಕೆ ಅಡ್ಡಿಯಿಲ್ಲ. ಬರುವುದು ಬಿಡಬಾರದು.
ಬಸಿರು? ಕೇಳಿದೆ.
ಆಗಬಹುದು, ಮೊದಲು ನಮ್ಮ ಕಡೆ ಬಾ, ಅಂದರು.

ಹೋದ ವಾರ ಹೆಣ್ಣು ನೋಡಲು ಬಂದಿದ್ದರು.
"ಸಣ್ಣಾಕಿ ಇದ್ದಾಗ ಜ್ವರ ಬಂದಿತ್ತು, ಅಷ್ಟ" ಅಂದಳು ಅವ್ವ,
ಗುಳಿಗೆ ಡಬ್ಬಿ ಜೋಳದ ಹಿಟ್ಟಿನ ಹಿಂದೆ ಸೇರಿತ್ತು.
ನಾನು ಫೈಲು ತಂದು
ಸೂಸಲದ ತಾಟಿನ ಪಕ್ಕಕ್ಕಿಟ್ಟೆ.
ಇನ್ನೂ ಸುದ್ದಿ ಬಂದಿಲ್ಲ.

ಸಂಜೆ ಅಂಗಡಿಯಲ್ಲಿ ಅಪ್ಪ
ಟ್ಯೂಬನ್ನು ಬುಟ್ಟಿನೀರಿಗೆ ಅದ್ದಿ ತಿರುವುತ್ತಿದ್ದ.
"ಅಪ್ಪಾ, ತೇಪಿ ಎಷ್ಟ ವರ್ಷ ತಡೀತೈತಿ?"
ತಲೆ ಎತ್ತಲಿಲ್ಲ.
"ತೇಪಿ ಹಚ್ಚಿದ್ದ ಜಾಗಾ ಗಟ್ಟಿ ಇರತೈತಿ.
ನೋಡಬೇಕಾದ್ದು ಅದರ ಬಾಜೂಕ."
ಒದ್ದೆ ಬೆರಳನ್ನು ಅಂಚಿನ ಸುತ್ತ ಆಡಿಸಿದ.
ಗುಳ್ಳೆ ಏಳಲಿಲ್ಲ.
ಅಲ್ಲೇ ಹಿಡಿದುಕೊಂಡು ಕೂತ, ಇನ್ನಷ್ಟು ಹೊತ್ತು.